ಒಡೆಯರು ಯಾರು, ಉಳಿಸುವವರು ಯಾರು?

1997ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದ ವೆಸ್ಟ್‌ವುಡ್ ಸ್ಟುಡಿಯೋಸ್ ಎಂಬ ಕಂಪೆನಿ 'ಬ್ಲೇಡ್ ರನ್ನರ್' ಎಂಬ ಕಂಪ್ಯೂಟರ್ ಆಟವೊಂದನ್ನು ಹೊರತಂದಿತು. ರಿಡ್ಲಿ ಸ್ಕಾಟ್ 1982ರಲ್ಲಿ ನಿರ್ದೇಶಿಸಿದ ಅದೇ ಹೆಸರಿನ ಸಿನಿಮಾದ ಲೋಕವೇ ಈ ಆಟದ ಲೋಕ. ಸದಾ ಮಳೆ ಸುರಿಯುವ ಒಂದು ಮಹಾನಗರ, ಅಲ್ಲಿ ಮನುಷ್ಯರ ನಡುವೆ ಅಡಗಿರುವ ಕೃತಕ ಮನುಷ್ಯರು, ಅವರನ್ನು ಹುಡುಕಿ ಕೊಲ್ಲುವುದೇ ಉದ್ಯೋಗವಾಗಿರುವ ಒಬ್ಬ ಪತ್ತೇದಾರ. ಆಡುವವನೇ ಆ ಪತ್ತೇದಾರ. ಯಾವ ಪಾತ್ರ ಮನುಷ್ಯ, ಯಾವುದು ಅಲ್ಲ ಎಂಬುದು ಹೊಸದಾಗಿ ಆಡಿದಾಗಲೆಲ್ಲ ಬದಲಾಗಬಹುದಿತ್ತು. ಕೊಲ್ಲುವ ಮೊದಲು ಯೋಚಿಸು ಎಂದು ಆಡುವವನಿಗೆ ಹೇಳುವ ಆಟ ಅದು. ನಾಲ್ಕು ಸಿಡಿಗಳಲ್ಲಿ ಅದು ಮಾರಾಟವಾಯಿತು.

ಮರುವರ್ಷ ಇಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೈತ್ಯ ಕಂಪೆನಿ ವೆಸ್ಟ್‌ವುಡ್ಡನ್ನು ಕೊಂಡುಕೊಂಡಿತು. 2003ರಲ್ಲಿ ಅದನ್ನು ಮುಚ್ಚಿತು. ಕಚೇರಿಯ ಸರಂಜಾಮುಗಳು ಲಾಸ್ ವೇಗಸ್‌ನಿಂದ ಲಾಸ್ ಏಂಜಲೀಸ್‌ಗೆ ಸಾಗಿದಾಗ ಈ ಆಟದ 'ಸೋರ್ಸ್ ಕೋಡ್', ಅಂದರೆ ಅದನ್ನು ರಚಿಸಿದವರು ಕೈಯಾರೆ ಬರೆದ ಮೂಲ ಬರಹ, ಕಳೆದುಹೋಯಿತು. ಆಟದ ಸಿಡಿಗಳು ಮಾತ್ರ ಕೊಂಡವರ ಮನೆಗಳಲ್ಲಿ ಉಳಿದವು. ಕಂಪ್ಯೂಟರುಗಳು ಬದಲಾದವು, ವಿಂಡೋಸ್ ಬದಲಾಯಿತು. ಕ್ರಮೇಣ ಆ ಸಿಡಿಗಳು ಹೊಸ ಯಂತ್ರಗಳಲ್ಲಿ ಸರಿಯಾಗಿ ಓಡದಾದವು. ಆಟದ ಮೇಲೆ ಹಕ್ಕಿದ್ದವರು ಇದ್ದರು. ಅದನ್ನು ಓಡಿಸಬಲ್ಲವರು ಇರಲಿಲ್ಲ.

2019ರಲ್ಲಿ ಅದನ್ನು ಮತ್ತೆ ಓಡಿಸಿದವರು ಆ ಕಂಪೆನಿಯವರೂ ಅಲ್ಲ, ಹಕ್ಕುದಾರರೂ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವ 'ಸ್ಕಮ್‌ವಿಎಂ' ಎಂಬ ಸ್ವಯಂಸೇವಕರ ತಂಡ. ಎಂಟು ವರ್ಷಗಳ ಶ್ರಮದಿಂದ ಅವರು ಆಟದ ಎಂಜಿನ್ನನ್ನು ಮೊದಲಿನಿಂದ ಬರೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಿಓಜಿ ಎಂಬ ಮಾರಾಟಗಾರ ಸಂಸ್ಥೆ ಬ್ಲೇಡ್ ರನ್ನರನ್ನು ಹಕ್ಕುದಾರರ ಒಪ್ಪಿಗೆಯೊಂದಿಗೆ ಮತ್ತೆ ಮಾರುಕಟ್ಟೆಗೆ ತಂದಾಗ, ಪೆಟ್ಟಿಗೆಯೊಳಗೆ ಕೆಲಸ ಮಾಡುತ್ತಿದ್ದದ್ದು ಈ ಸ್ವಯಂಸೇವಕರು ಕಟ್ಟಿದ ಯಂತ್ರವೇ.

ಆಟಗಳ ವಿಷಯಕ್ಕೆ ಇಷ್ಟು ಗಂಭೀರ ಚರ್ಚೆ ಬೇಕೇ ಎಂದು ಕೆಲವು ಓದುಗರಿಗೆ ಅನಿಸಬಹುದು. ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸುವ ತಾಯ್ತಂದೆಯರಿಗಂತೂ ಹಳೆಯ ಆಟವೊಂದು ಸತ್ತುಹೋದರೆ ಸಮಾಧಾನವೇ ಆದೀತು. ಆದರೆ ಇಲ್ಲಿರುವ ಪ್ರಶ್ನೆ ಆಟವನ್ನು ಮೀರಿದ್ದು. ಒಬ್ಬರ ಸೊತ್ತು ಹಾಳಾಗುತ್ತಿರುವಾಗ ಇನ್ನೊಬ್ಬರು ಅಪ್ಪಣೆ ಕೇಳದೆ ಅದನ್ನು ದುರಸ್ತಿ ಮಾಡಬಹುದೇ? ಒಡೆತನ ಎಂದರೆ ಹಾಳುಗೆಡಹುವ ಹಕ್ಕೂ ಹೌದೇ? ಕಥೆ ಬರೆಯುವ ನನ್ನಂಥವರನ್ನು ಈ ಪ್ರಶ್ನೆ ಎರಡೂ ಕಡೆಯಿಂದ ಕಾಡುತ್ತದೆ. ನನ್ನ ಬರಹದ ಮೇಲಿನ ಹಕ್ಕು ನನ್ನದಾಗಿರಬೇಕೆಂಬ ಆಸೆ ನನಗಿದೆ. ನನ್ನ ನಂತರವೂ ಅದು ಓದುಗರಿಗೆ ಸಿಗಬೇಕೆಂಬ ಆಸೆಯೂ ಇದೆ. ಈ ಎರಡು ಆಸೆಗಳು ಯಾವಾಗಲೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಮೊದಲು ಎಂಜಿನ್ ಎಂದರೇನೆಂದು ತಿಳಿಯೋಣ. ಕಂಪ್ಯೂಟರ್ ಆಟದಲ್ಲಿ ಎರಡು ಭಾಗಗಳಿವೆ. ಚಿತ್ರ, ಸಂಗೀತ, ಸಂಭಾಷಣೆ, ಕಥೆಯ ಕವಲುಗಳು ಒಂದು ಭಾಗ. ಇವನ್ನು ಓದಿ ಪರದೆಯ ಮೇಲೆ ತಂದು, ಆಡುವವನ ಬೆರಳಿನ ಅಪ್ಪಣೆಗೆ ಸರಿಯಾಗಿ ನಡೆಸುವ ತಂತ್ರಾಂಶ ಇನ್ನೊಂದು ಭಾಗ. ಈ ಎರಡನೆಯದೇ ಎಂಜಿನ್. ಹಾಡು ಇರುವುದು ಕ್ಯಾಸೆಟ್ಟಿನಲ್ಲಿ, ಆದರೆ ಟೇಪ್‌ರೆಕಾರ್ಡರ್ ಇಲ್ಲದಿದ್ದರೆ ಕ್ಯಾಸೆಟ್ಟು ಬರೀ ಪ್ಲಾಸ್ಟಿಕ್ಕು. ಕಂಪ್ಯೂಟರ್ ಆಟದಲ್ಲಿ ಕ್ಯಾಸೆಟ್ಟೂ ರೆಕಾರ್ಡರೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ರೆಕಾರ್ಡರ್ ಹಳೆಯ ಕಂಪ್ಯೂಟರಿಗಷ್ಟೇ ಹೊಂದುವಂಥದ್ದಾಗಿದ್ದರೆ, ಅದು ಕೆಟ್ಟ ದಿನವೇ ಹಾಡೂ ನಿಲ್ಲುತ್ತದೆ. ಹೊಸ ಎಂಜಿನ್ ಬರೆಯುವವರು ಮಾಡುವುದು ಹೊಸ ರೆಕಾರ್ಡರನ್ನು ಕಟ್ಟುವ ಕೆಲಸ. ಕ್ಯಾಸೆಟ್ಟನ್ನು ಅವರು ಮುಟ್ಟುವುದಿಲ್ಲ.

ಸ್ಕಮ್‌ವಿಎಂ ಹುಟ್ಟಿದ್ದೂ ಹೀಗೆಯೇ. 1987ರಲ್ಲಿ ಲೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯಲ್ಲಿದ್ದ ರಾನ್ ಗಿಲ್ಬರ್ಟ್ 'ಮೇನಿಯಾಕ್ ಮ್ಯಾನ್ಷನ್' ಎಂಬ ಆಟಕ್ಕಾಗಿ ಸಹೋದ್ಯೋಗಿಗಳೊಂದಿಗೆ 'ಸ್ಕಮ್' ಎಂಬ ಎಂಜಿನ್ನನ್ನು ರೂಪಿಸಿದರು. ಸಂಸ್ಥೆಯ ಮುಂದಿನ ಹತ್ತು ವರ್ಷಗಳ ಅನೇಕ ಆಟಗಳು ಅದರ ಮೇಲೆಯೇ ನಿಂತವು. ಕಡಲುಗಳ್ಳರ ಹಾಸ್ಯಕಥೆಯಾದ 'ಮಂಕಿ ಐಲೆಂಡ್' ಅವುಗಳಲ್ಲಿ ಪ್ರಸಿದ್ಧವಾದದ್ದು. 2001ರಲ್ಲಿ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೇಯಸ್ ಮತ್ತು ಅವರ ಜೊತೆಗಾರ ವಿನ್ಸೆಂಟ್ ಹ್ಯಾಮ್ ಈ ಆಟಗಳ ಕಡತಗಳನ್ನು ಓದಬಲ್ಲ ಸ್ವಂತ ಎಂಜಿನ್ನೊಂದನ್ನು ಬರೆದರು. ಬರೆದದ್ದನ್ನು ಬಚ್ಚಿಡದೆ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಹಂಚಿದರು. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಆದರೆ ತಿದ್ದಿದ್ದನ್ನು ಹಂಚುವವರು ಆ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಇಂದು ನೂರಾರು ಹಳೆಯ ಆಟಗಳು ಈ ಒಂದು ತಂತ್ರಾಂಶದ ಆಸರೆಯಲ್ಲಿ ಮೊಬೈಲ್ ಫೋನಿನಲ್ಲೂ ಓಡುತ್ತವೆ.

ಇದರ ಪ್ರಯೋಜನಗಳು ಕಣ್ಣಿಗೆ ಕಾಣುವಂಥವು. ಹಳೆಯ ಆಟ ಹೊಸ ಯಂತ್ರದಲ್ಲಿ ಓಡುತ್ತದೆ. ವಿಂಡೋಸ್ ಕೊಳ್ಳಲಾಗದವರು ಉಚಿತವಾಗಿ ಸಿಗುವ ಲಿನಕ್ಸ್‌ನಲ್ಲಿ ಆಡಬಹುದು. ಬೇರೆಯವರು ಬಳಸಿ ಬಿಟ್ಟ ಕಂಪ್ಯೂಟರೂ ಸಾಕಾಗುತ್ತದೆ. ಕ್ರಿಸ್ ಸಾಯರ್ 1994ರಲ್ಲಿ ರಚಿಸಿದ 'ಟ್ರಾನ್ಸ್‌ಪೋರ್ಟ್ ಟೈಕೂನ್' ಎಂಬ ರೈಲು-ಬಸ್ಸುಗಳ ಆಟಕ್ಕೆ 2004ರಲ್ಲಿ 'ಓಪನ್‌ಟಿಟಿಡಿ' ಎಂಬ ಹೊಸ ಎಂಜಿನ್ ಬಂತು. ಅದನ್ನು ಆರಂಭಿಸಿದವರೂ ಅದೇ ಸ್ಟ್ರಿಗೇಯಸ್. ಮೂಲತಃ ಕೆಲವೇ ಭಾಷೆಗಳಲ್ಲಿದ್ದ ಆಟವನ್ನು ಆಡುವವರೇ ಹತ್ತಾರು ಭಾಷೆಗಳಿಗೆ ತಂದರು. 2010ರ ಹೊತ್ತಿಗೆ ಚಿತ್ರಗಳನ್ನೂ ಧ್ವನಿಗಳನ್ನೂ ಸ್ವಯಂಸೇವಕರೇ ಹೊಸದಾಗಿ ರಚಿಸಿಕೊಟ್ಟಿದ್ದರಿಂದ ಹಳೆಯ ಆಟದ ಕಡತಗಳ ಹಂಗೂ ಅದಕ್ಕೆ ಉಳಿಯಲಿಲ್ಲ. ಸಾಯರ್ ಅವರ ಇನ್ನೊಂದು ಆಟ 'ರೋಲರ್‌ಕೋಸ್ಟರ್ ಟೈಕೂನ್ 2' ಬಹುಮಟ್ಟಿಗೆ ಪ್ರೊಸೆಸರಿನ ನೇರ ಭಾಷೆಯಾದ ಅಸೆಂಬ್ಲಿಯಲ್ಲಿ ಬರೆದದ್ದು. ಒಂದೇ ಬಗೆಯ ಪ್ರೊಸೆಸರಿಗೆ ಕಟ್ಟುಬಿದ್ದ ಆ ಕೆಲಸವನ್ನು 2014ರಲ್ಲಿ ಆರಂಭವಾದ 'ಓಪನ್‌ಆರ್‌ಸಿಟಿ2' ಯೋಜನೆ ಎಲ್ಲ ಯಂತ್ರಗಳಿಗೂ ಹೊಂದುವ ಭಾಷೆಗೆ ಹಂತ ಹಂತವಾಗಿ ತಂದಿತು.

ಪ್ರಯೋಜನವಿದೆ ಎಂದ ಮಾತ್ರಕ್ಕೆ ಅದು ನ್ಯಾಯವೆನಿಸುವುದಿಲ್ಲ. ಕದ್ದ ಅಕ್ಕಿಯಲ್ಲೂ ಅನ್ನ ಬೇಯುತ್ತದೆ. ಆದ್ದರಿಂದ ಹಕ್ಕುದಾರರ ಪರವಾದ ವಾದವನ್ನು ನಾವು ಪೂರ್ತಿಯಾಗಿ ಕೇಳಬೇಕು.

ಆ ವಾದ ಹೀಗಿದೆ. ಆಟವೊಂದನ್ನು ಕಟ್ಟಲು ಹಣ ಹೂಡಿದವರು ನಾವು. ಅದನ್ನು ಯಾವಾಗ ಮಾರಬೇಕು, ಯಾವಾಗ ನಿಲ್ಲಿಸಬೇಕು, ಹೊಸ ರೂಪದಲ್ಲಿ ಯಾವಾಗ ತರಬೇಕು ಎಂಬುದು ನಮ್ಮ ತೀರ್ಮಾನ. ಇಂದು ಅದು ಮಾರಾಟದಲ್ಲಿಲ್ಲ ಎಂದರೆ ನಾವು ಅದನ್ನು ಬೀದಿಗೆ ಎಸೆದಿದ್ದೇವೆ ಎಂದರ್ಥವಲ್ಲ. ಬೀಗ ಹಾಕಿದ ಮನೆ ವಾರಸುದಾರರಿಲ್ಲದ ಮನೆಯಲ್ಲ. ಯಾರೋ ಪ್ರೀತಿಯಿಂದಲೇ ಬೀಗ ಮುರಿದರೂ ಅದು ಮುರಿದದ್ದೇ.

ಈ ವಾದದಲ್ಲಿ ತೂಕವಿದೆ. ಒಬ್ಬ ಲೇಖಕನ ಕಥೆಗಳನ್ನು ಅವನನ್ನು ಕೇಳದೆ ಯಾರೋ ಅಚ್ಚು ಹಾಕಿ ಮಾರಿದರೆ, 'ನಾನು ನಿಮ್ಮ ಅಭಿಮಾನಿ' ಎಂಬ ಮಾತಿನಿಂದ ಅವನಿಗೆ ಸಮಾಧಾನವಾಗುವುದಿಲ್ಲ. ಆದರೆ ಬೀಗ ಹಾಕಿದ ಮನೆಯ ಹೋಲಿಕೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ನಮ್ಮ ಕರಾವಳಿಯ ಊರುಗಳಲ್ಲಿ ಮನೆಯವರೆಲ್ಲ ಮುಂಬಯಿಗೋ ಗಲ್ಫಿಗೋ ಹೋಗಿ ಬೀಗ ಬಿದ್ದ ಮನೆಗಳು ಸಾಕಷ್ಟಿವೆ. ಮಳೆಗಾಲದಲ್ಲಿ ಒಂದು ಹಂಚು ಜಾರಿತೆಂದುಕೊಳ್ಳಿ. ಪಕ್ಕದ ಮನೆಯವನು ಏಣಿ ಇಟ್ಟು ಹತ್ತಿ ತನ್ನದೇ ಹಂಚೊಂದನ್ನು ಹೊದೆಸಿ ಇಳಿಯುತ್ತಾನೆ. ಒಳಗೆ ಹೋಗುವುದಿಲ್ಲ, ಪೆಟ್ಟಿಗೆ ತೆರೆಯುವುದಿಲ್ಲ, ಮನೆಯನ್ನು ಬಾಡಿಗೆಗೆ ಕೊಡುವುದಿಲ್ಲ. ಮನೆಯೊಡೆಯ ಮರಳಿ ಬಂದು 'ನನ್ನ ಅಪ್ಪಣೆಯಿಲ್ಲದೆ ಹಂಚು ಹೊದೆಸಿದ್ದೇಕೆ' ಎಂದು ಜಗಳ ತೆಗೆದರೆ ಊರವರು ಯಾರ ಪರ ಮಾತಾಡುತ್ತಾರೆ? ಇದೇ ನೆರೆಯವನು ಹಂಚಿನ ನೆಪದಲ್ಲಿ ಒಳಗೆ ಇಳಿದು ಪಾತ್ರೆಗಳನ್ನು ಹಂಚಿಬಿಟ್ಟರೆ ಊರವರ ಮಾತೂ ಬದಲಾಗುತ್ತದೆ.

ಹೊಸ ಎಂಜಿನ್ ಬರೆಯುವವರಲ್ಲಿ ನನಗೆ ಮೆಚ್ಚುಗೆಯಾದದ್ದು ಅವರು ತಾವೇ ಹಾಕಿಕೊಂಡ ಈ ಗೆರೆ. ಸ್ಕಮ್‌ವಿಎಂ ಉಚಿತ. ಆದರೆ ಅದರೊಳಗೆ ಮಂಕಿ ಐಲೆಂಡ್ ಇಲ್ಲ. ಆಟದ ಕಡತಗಳನ್ನು ನೀವು ಕೊಂಡಿರಬೇಕು. 2002ರ 'ಮಾರೋವಿಂಡ್' ಎಂಬ ಆಟಕ್ಕೆ 2008ರಿಂದ ಕಟ್ಟುತ್ತ ಬಂದ 'ಓಪನ್‌ಎಂಡಬ್ಲ್ಯು' ಎಂಬ ಎಂಜಿನ್ನಿನದೂ ಇದೇ ನಿಯಮ. ಅನುಸ್ಥಾಪಿಸುವಾಗಲೇ ಅದು 'ನಿಮ್ಮಲ್ಲಿರುವ ಮೂಲ ಆಟ ಎಲ್ಲಿದೆ' ಎಂದು ಕೇಳುತ್ತದೆ. ಯಂತ್ರವನ್ನು ಅವರು ಧಾರಾಳವಾಗಿ ಕೊಡುತ್ತಾರೆ. ಕಥೆ ಅವರದ್ದಲ್ಲ, ಆದ್ದರಿಂದ ಅದನ್ನು ಕೊಡುವುದಿಲ್ಲ. ಕಾವಲುಗಾರನಿಲ್ಲದ ಕಡೆಯಲ್ಲಿ ಪಾಲಿಸುವ ನಿಯಮಕ್ಕೆ ಬೇರೆಯೇ ಬೆಲೆಯಿದೆ.

ಕಾನೂನೂ ಬಹುಮಟ್ಟಿಗೆ ಇದೇ ಗೆರೆಯ ಆಸುಪಾಸಿನಲ್ಲಿ ನಡೆದಿದೆ. 1992ರಲ್ಲಿ ಸೇಗಾ ಮತ್ತು ಅಕೊಲೇಡ್ ಕಂಪೆನಿಗಳ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಹೊಂದಿಕೊಂಡು ಕೆಲಸ ಮಾಡುವ ಇನ್ನೊಂದು ತಂತ್ರಾಂಶವನ್ನು ರಚಿಸಲು ಬೇರೆ ದಾರಿಯಿಲ್ಲದಾಗ ಮೂಲ ತಂತ್ರಾಂಶವನ್ನು ಬಿಚ್ಚಿ ಅಭ್ಯಾಸ ಮಾಡುವುದು ನ್ಯಾಯಯುತ ಬಳಕೆ ಎಂದಿತು. ಯುರೋಪಿನಲ್ಲಿ 1991ರ ನಿರ್ದೇಶನ ಇಂಥದೇ ಅವಕಾಶ ನೀಡಿತ್ತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೂ 1999ರ ತಿದ್ದುಪಡಿಯಲ್ಲಿ ಇದೇ ಆಶಯದ ಮಾತು ಸೇರಿದೆ. ತಂತ್ರಾಂಶವನ್ನು ನ್ಯಾಯವಾಗಿ ಪಡೆದವನು, ಸ್ವತಂತ್ರವಾಗಿ ರಚಿಸಿದ ಇನ್ನೊಂದು ತಂತ್ರಾಂಶ ಅದರೊಂದಿಗೆ ಹೊಂದಿಕೊಳ್ಳಲು ಬೇಕಾದ ಮಾಹಿತಿಯನ್ನು, ಅದು ಬೇರೆಡೆ ಸುಲಭವಾಗಿ ಸಿಗದಿದ್ದಾಗ, ಅದರಿಂದಲೇ ಪಡೆದುಕೊಳ್ಳುವುದು ಉಲ್ಲಂಘನೆಯಲ್ಲ.

ಆದರೂ ಈ ಗೆರೆ ಎಲ್ಲ ಕಡೆಯೂ ಒಂದೇ ದಪ್ಪವಾಗಿಲ್ಲ. ಇನ್ನೊಬ್ಬರ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆಂದು ನೋಡಿ ಅಂಥದನ್ನೇ ಸ್ವಂತವಾಗಿ ಬರೆಯುವುದು ಒಂದು. ಅವರ ತಂತ್ರಾಂಶವನ್ನೇ ಬಿಚ್ಚಿ ಸಾಲಿಗೆ ಸಾಲು ಹಿಂದಕ್ಕೆ ಅನುವಾದಿಸುವುದು ಇನ್ನೊಂದು. 're3' ಎಂಬ ಯೋಜನೆ 2001 ಮತ್ತು 2002ರ ಎರಡು 'ಗ್ರ್ಯಾಂಡ್ ತೆಫ್ಟ್ ಆಟೋ' ಆಟಗಳನ್ನು ಹೀಗೆ ಬಿಚ್ಚಿ ಬರೆದಾಗ ಹಕ್ಕುದಾರ ಕಂಪೆನಿ ಟೇಕ್-ಟೂ 2021ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿಸಿತು. ಸೆಪ್ಟೆಂಬರ್‌ನಲ್ಲಿ ಅದನ್ನು ಬರೆದವರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ಕಥೆಗಾರನಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಹಿರಿಯರೊಬ್ಬರ ಕಥೆ ಓದಿ ಕಥೆ ಕಟ್ಟುವ ಬಗೆಯನ್ನು ಕಲಿತರೆ ಯಾರೂ ಆಕ್ಷೇಪಿಸುವುದಿಲ್ಲ. ವಾಕ್ಯಗಳನ್ನೇ ಎತ್ತಿಕೊಂಡು ಪದಗಳನ್ನು ಬದಲಾಯಿಸಿದರೆ ಅದಕ್ಕೆ ಬೇರೆ ಹೆಸರಿದೆ. ಹಾಗಾಗಿ ಟೇಕ್-ಟೂ ಕಂಪೆನಿಯ ಕೋಪ ಆಧಾರವಿಲ್ಲದ್ದು ಎಂದು ನಾನು ಹೇಳಲಾರೆ.

ಆದರೆ ಮುಂದೆ ನಡೆದದ್ದನ್ನೂ ನೋಡಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಆ ಆಟಗಳ ಅಧಿಕೃತ ಹೊಸ ಆವೃತ್ತಿ ಬಂತು. ಅದಕ್ಕೂ ಮೊದಲೇ ಹಳೆಯ ಆವೃತ್ತಿಗಳನ್ನು ಮಾರಾಟದಿಂದ ಹಿಂತೆಗೆಯಲಾಗಿತ್ತು. ಹೊಸದು ಎಷ್ಟು ದೋಷಪೂರ್ಣವಾಗಿತ್ತೆಂದರೆ ತಯಾರಕ ಸಂಸ್ಥೆ ರಾಕ್‌ಸ್ಟಾರ್ ಬಹಿರಂಗವಾಗಿ ಕ್ಷಮೆ ಕೇಳಿ, ಹಳೆಯವನ್ನು ಮತ್ತೆ ಕೊಡುವುದಾಗಿ ಹೇಳಬೇಕಾಯಿತು. ಬ್ಲೇಡ್ ರನ್ನರ್‌ಗೂ ಇಂಥದೇ ಗತಿ ಬಂತು. ನೈಟ್‌ಡೈವ್ ಸ್ಟುಡಿಯೋಸ್ 2022ರ ಜೂನ್‌ನಲ್ಲಿ ತಂದ ಪರಿಷ್ಕೃತ ಆವೃತ್ತಿ ವಿಮರ್ಶಕರಿಗೂ ಆಡುವವರಿಗೂ ಹಿಡಿಸಲಿಲ್ಲ. ಸ್ವಯಂಸೇವಕರ ಎಂಜಿನ್ನಿನ ಮೇಲೆ ಓಡುತ್ತಿದ್ದ ಹಳೆಯ ಆವೃತ್ತಿಯನ್ನು ಬೇರೆಯಾಗಿ ಮಾರುವುದು ನಿಂತಿತ್ತು. ಗ್ರಾಹಕರು ದೂರಿದ ಮೇಲೆ ಅದನ್ನು ಮತ್ತೆ ಮಾರಾಟಕ್ಕಿಡಲಾಯಿತು. ಕಾನೂನಿನ ಒಡೆಯರಿಗೆ ತಮ್ಮ ಸೊತ್ತಿನ ಸ್ವಭಾವ ತಿಳಿದಿರಲೇಬೇಕೆಂದೇನೂ ಇಲ್ಲ ಎಂಬುದಕ್ಕೆ ಇವೆರಡು ಪ್ರಸಂಗಗಳು ಸಾಕು.

ಇದಕ್ಕೆ ಕಾರಣವೂ ಇದೆ. ಕಟ್ಟಿದವರು ಮತ್ತು ಒಡೆಯರು ಎಂಬ ಎರಡು ಮಾತುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಈ ವ್ಯವಹಾರದಲ್ಲಿ ಅವರಿಬ್ಬರೂ ಬೇರೆ ಬೇರೆ. ಮಂಕಿ ಐಲೆಂಡನ್ನು ಕಲ್ಪಿಸಿದ ಗಿಲ್ಬರ್ಟ್ 1992ರಲ್ಲಿ ಆ ಸಂಸ್ಥೆಯನ್ನು ಬಿಟ್ಟರು. ಅವರ ಕಥೆ ಅಲ್ಲೇ ಉಳಿಯಿತು. 2012ರಲ್ಲಿ ಡಿಸ್ನಿ ಕಂಪೆನಿ ಲೂಕಾಸ್‌ಫಿಲ್ಮನ್ನು ಕೊಂಡಾಗ ಆ ಕಡಲುಗಳ್ಳರೂ ಲೆಕ್ಕದ ಪುಸ್ತಕದ ಒಂದು ಸಾಲಾಗಿ ಡಿಸ್ನಿಯ ಪಾಲಾದರು. 2022ರಲ್ಲಿ ಗಿಲ್ಬರ್ಟ್ ಆ ಸರಣಿಗೆ ಹೊಸ ಆಟ ರಚಿಸಿದಾಗ ತಮ್ಮದೇ ಪಾತ್ರಗಳಿಗಾಗಿ ಡಿಸ್ನಿಯ ಪರವಾನಗಿ ಪಡೆಯಬೇಕಾಗಿತ್ತು. ಹೀಗೆ ಕೈಯಿಂದ ಕೈಗೆ ದಾಟುವ ಹಕ್ಕಿನ ಜೊತೆ ಸೋರ್ಸ್ ಕೋಡ್ ದಾಟಿ ಬರುತ್ತದೆಂಬ ಭರವಸೆಯಿಲ್ಲ. ಪ್ರೀತಿಯಂತೂ ಕರಾರುಪತ್ರದಲ್ಲಿ ಬರುವ ವಸ್ತುವಲ್ಲ. ಅಮೆರಿಕದ ಕಾನೂನಿನಂತೆ ಕಂಪೆನಿಗಾಗಿ ರಚಿಸಿದ ಕೃತಿಯ ಹಕ್ಕು ಪ್ರಕಟವಾದಲ್ಲಿಂದ 95 ವರ್ಷ. ಅಂದರೆ 1997ರ ಬ್ಲೇಡ್ ರನ್ನರ್ ಸಾರ್ವಜನಿಕರ ಸೊತ್ತಾಗುವುದು 2093ರ ಆರಂಭದಲ್ಲಿ. ಅದರ ಸೋರ್ಸ್ ಕೋಡ್ ಹತ್ತು ವರ್ಷವೂ ಬದುಕಲಿಲ್ಲ. ಹಕ್ಕಿನ ಆಯುಷ್ಯಕ್ಕೂ ವಸ್ತುವಿನ ಆಯುಷ್ಯಕ್ಕೂ ಇರುವ ಈ ಅಂತರವೇ ಇಡೀ ಸಮಸ್ಯೆಯ ಬೇರು. ಕಾನೂನು ಕಾಯುತ್ತ ಕೂತರೆ ಕೊನೆಗೆ ಹಕ್ಕು ಬಿಡುಗಡೆಯಾಗುತ್ತದೆ, ಬಿಡುಗಡೆಯಾಗಲು ವಸ್ತುವೇ ಇರುವುದಿಲ್ಲ.

ಈ ಅಪಾಯ ಎಷ್ಟು ವ್ಯಾಪಕವೆಂದು 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಶನ್ ನೆಟ್‌ವರ್ಕ್ ನಡೆಸಿದ ಅಧ್ಯಯನ ತೋರಿಸಿತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ. ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರು ದೂರದಿಂದಲೂ ನೋಡುವಂತೆ ಗ್ರಂಥಾಲಯಗಳಿಗೆ ಅನುಮತಿ ಕೊಡಿ ಎಂಬ ಬೇಡಿಕೆಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು. ಗ್ರಂಥಾಲಯಕ್ಕೂ ಬಾಗಿಲು ಮುಚ್ಚಿದಾಗ ಮನೆಯಲ್ಲಿ ಕೂತು ಎಂಜಿನ್ ಬರೆಯುವವರ ಕೆಲಸ ಹವ್ಯಾಸವಾಗಿ ಉಳಿಯುವುದಿಲ್ಲ, ಒಂದು ಹೊಣೆಯಾಗುತ್ತದೆ.

ಒಡೆಯರೆಲ್ಲ ಕೈ ಬಿಗಿಹಿಡಿದವರೆಂದು ಭಾವಿಸಬೇಕಾಗಿಲ್ಲ. 1993ರಲ್ಲಿ ಬಂದ 'ಡೂಮ್' ಲೋಕಪ್ರಸಿದ್ಧವಾದ ಆಟ. ಅದರ ಎಂಜಿನ್ ಬರೆದ ಜಾನ್ ಕಾರ್ಮ್ಯಾಕ್ 1997ರ ಡಿಸೆಂಬರ್‌ನಲ್ಲಿ ಸೋರ್ಸ್ ಕೋಡನ್ನು ಲೋಕದ ಕೈಗಿತ್ತರು. ಧ್ವನಿಯ ಭಾಗ ಬೇರೊಬ್ಬರಿಂದ ಪರವಾನಗಿ ಪಡೆದದ್ದಾಗಿತ್ತು. ಆದ್ದರಿಂದ ಅದನ್ನು ಹೊರಗಿಟ್ಟರು. ತನ್ನದನ್ನು ಕೊಡುವಾಗಲೂ ಇನ್ನೊಬ್ಬರದನ್ನು ಕೊಡಬಾರದೆಂಬ ಎಚ್ಚರ ಅದು. ಆಟದ ಚಿತ್ರ, ಹಂತಗಳು ಮಾರಾಟದ ಸರಕಾಗಿಯೇ ಉಳಿದವು. ಎಂಜಿನ್ ಮುಕ್ತವಾದ್ದರಿಂದ ಕಂಪೆನಿ ಬಡವಾಗಲಿಲ್ಲ. ಮೂವತ್ತು ವರ್ಷಗಳ ಬಳಿಕವೂ ಜನ ಡೂಮನ್ನು ಆಡುತ್ತಾರೆ, ಕೊಳ್ಳುತ್ತಾರೆ. ಬ್ರಿಟನ್ನಿನ ರೆವಲ್ಯೂಷನ್ ಸಾಫ್ಟ್‌ವೇರ್ ಸಂಸ್ಥೆ 1994ರ ತನ್ನ 'ಬಿನೀತ್ ಎ ಸ್ಟೀಲ್ ಸ್ಕೈ' ಆಟ ಸ್ಕಮ್‌ವಿಎಂನಲ್ಲಿ ಓಡುವಂತಾಗಲೆಂದು ಆ ತಂಡಕ್ಕೆ ನೆರವಾಯಿತು. 2003ರಲ್ಲಿ ಇಡೀ ಆಟವನ್ನೇ ಉಚಿತವಾಗಿ ಬಿಟ್ಟಿತು. ಕೊಡುವವರೂ ಪಡೆಯುವವರೂ ಮುಖಾಮುಖಿ ಕೂತು ಮಾತಾಡಿದರೆ ಜಗಳಕ್ಕೆ ಕಾರಣವೇ ಇರುವುದಿಲ್ಲ.

ಇನ್ನೊಂದು ಪ್ರಸಂಗದಲ್ಲಿ ನ್ಯಾಯದ ತಕ್ಕಡಿಯೇ ತಿರುಗಿ ನಿಂತಿತು. ನಿಂಟೆಂಡೊ ಕಂಪೆನಿಯ 'ವೀ' ಯಂತ್ರಕ್ಕಾಗಿ 2008ರಲ್ಲಿ ಅಟಾರಿ ಕಂಪೆನಿ ಮಕ್ಕಳ ಮೂರು ಹಳೆಯ ಆಟಗಳನ್ನು ಮಾರಾಟಕ್ಕೆ ತಂದಿತು. ಅವುಗಳೊಳಗೆ ಇದ್ದದ್ದು ಸ್ಕಮ್‌ವಿಎಂ ಎಂಜಿನ್. ಆದರೆ ಪೆಟ್ಟಿಗೆಯ ಮೇಲಾಗಲಿ ಒಳಗಾಗಲಿ ಅದರ ಹೆಸರಿರಲಿಲ್ಲ. ಪರವಾನಗಿ ಕೇಳಿದಂತೆ ಸೋರ್ಸ್ ಕೋಡ್ ಕೊಟ್ಟಿರಲೂ ಇಲ್ಲ. ಅಭಿಮಾನಿಗಳ ಮೇಲೆ ಕಂಪೆನಿಗಳು ಹೊರಿಸುವ ಆರೋಪವೇ ಈಗ ಕಂಪೆನಿಯ ಕಡೆಗೆ ಬೆರಳು ತೋರಿಸಿತು. 2009ರಲ್ಲಿ ವಿವಾದ ರಾಜಿಯಲ್ಲಿ ಮುಗಿಯಿತು. ಉಳಿದ ಪ್ರತಿಗಳನ್ನು ಒಂದು ಅವಧಿಯ ನಂತರ ನಾಶಪಡಿಸುವುದು, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಧರ್ಮಾರ್ಥ ಸಂಸ್ಥೆಗೆ ದೇಣಿಗೆ ಕೊಡುವುದು ಅದರ ಷರತ್ತುಗಳಲ್ಲಿ ಸೇರಿದ್ದವು. ಸ್ವಯಂಸೇವಕರು ತಮ್ಮ ಜೇಬಿಗೆ ಹಣ ಕೇಳಲಿಲ್ಲ. ಉಚಿತವಾಗಿ ಕೊಟ್ಟದ್ದಕ್ಕೂ ಒಂದು ಮರ್ಯಾದೆ ಇದೆ ಎಂಬುದನ್ನಷ್ಟೇ ಒಪ್ಪಿಸಿದರು. ಮುಕ್ತ ಎಂಬ ಪದವನ್ನು ಹೇಳಕೇಳುವವರಿಲ್ಲದ್ದು ಎಂದು ಓದುವವರಿಗೆ ಇದು ಪಾಠ. ಹಕ್ಕುಸ್ವಾಮ್ಯದ ಮೇಲೆ ಗೌರವವಿರುವುದರಿಂದಲೇ ಮುಕ್ತ ಪರವಾನಗಿಗೂ ಬಲ ಬರುತ್ತದೆ.

ದುರಸ್ತಿ ಮಾಡುವವನಿಗೂ ಒಂದು ಆಮಿಷವಿದೆ. ಕೈ ಹಾಕಿದ್ದೇನೆ, ಇನ್ನು ನನ್ನ ಅಭಿರುಚಿಯಂತೆ ಚಂದಗಾಣಿಸುತ್ತೇನೆ ಎಂಬ ಆಮಿಷ. ಬ್ಲೇಡ್ ರನ್ನರ್ ಆಟದ ಸಿಡಿಗಳೊಳಗೆ ಮೂಲ ರಚನಕಾರರು ಸಿದ್ಧಪಡಿಸಿ, ಕೊನೆಗೆ ಕೈಬಿಟ್ಟ ಕೆಲವು ಮಾತುಗಳೂ ದೃಶ್ಯಗಳೂ ಉಳಿದಿದ್ದವು. ಅವನ್ನು ಸ್ಕಮ್‌ವಿಎಂ ತಂಡ ಮತ್ತೆ ಜೋಡಿಸಿತು. ಆದರೆ ಮೂಲ ಆಟದೊಳಗೆ ತುರುಕಲಿಲ್ಲ. ಬೇಕಾದವರು ಆರಿಸಿಕೊಳ್ಳುವಂತೆ ಬೇರೆಯಾಗಿಟ್ಟಿತು. ಹಿರಿಯ ಕವಿಯ ಕೈಬರಹದಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸಂಪಾದಕರು ಅನುಬಂಧದಲ್ಲಿ ಕೊಡುತ್ತಾರಲ್ಲ, ಹಾಗೆ. ಕವಿ ಬೇಡವೆಂದದ್ದನ್ನು ಕವಿತೆಯೊಳಗೆ ಸೇರಿಸುವ ಅಧಿಕಾರ ಸಂಪಾದಕನಿಗಿಲ್ಲ, ಅದನ್ನು ಸುಟ್ಟುಹಾಕುವ ಅಧಿಕಾರವೂ ಇಲ್ಲ.

ಇಷ್ಟೆಲ್ಲ ದೂರದ ದೇಶಗಳ ಸುದ್ದಿಯಾಯಿತು, ಕನ್ನಡಿಗರಿಗೆ ಇದರಿಂದೇನು ಎಂದು ಕೇಳಿದರೆ, ನಮ್ಮ ಅಕ್ಷರಗಳಿಗೂ ಇದೇ ಕಷ್ಟ ಬಂದಿತ್ತು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡದ ಅನೇಕ ತಂತ್ರಾಂಶಗಳು ಅಕ್ಷರಗಳನ್ನು ತಮ್ಮದೇ ಲೆಕ್ಕದಲ್ಲಿ ಬರೆದಿಡುತ್ತಿದ್ದವು. ಆ ಕಾಲದಲ್ಲಿ ಬೆರಳಚ್ಚು ಮಾಡಿಸಿದ ಕಾದಂಬರಿ, ಪತ್ರಿಕೆಯ ಹಳೆಯ ಸಂಚಿಕೆ, ಸಂಶೋಧನ ಪ್ರಬಂಧಗಳ ಕಡತಗಳನ್ನು ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಒಂದು ಗೋಜಲು ಕಾಣುತ್ತದೆ. ಉರ್ದುವಿನ ಸ್ಥಿತಿಯೂ ಹೀಗೆಯೇ. ಸುಂದರ ನಸ್ತಲೀಖ್ ಲಿಪಿಯಲ್ಲಿ ಜೋಡಿಸಿದ ಪುಟಗಳು, ಜೋಡಿಸಿದ ತಂತ್ರಾಂಶವಿಲ್ಲದಿದ್ದರೆ ತೆರೆಯುವುದೇ ಇಲ್ಲ. ಬರಹ ನಮ್ಮದು, ಭಾಷೆ ನಮ್ಮದು, ಓದುವ ಯಂತ್ರ ಮಾತ್ರ ಬೇರೆಯವರದು. ಆ ಹಳೆಯ ಲೆಕ್ಕಗಳನ್ನು ಕೂತು ಬಿಡಿಸಿ, ಯೂನಿಕೋಡಿಗೆ ಪರಿವರ್ತಿಸುವ ಪುಟ್ಟ ತಂತ್ರಾಂಶಗಳನ್ನು ಬರೆದು ಉಚಿತವಾಗಿ ಹಂಚಿದವರಲ್ಲಿ ಅನೇಕರು ನಮ್ಮ ನಡುವಿನ ಸ್ವಯಂಸೇವಕರೇ. ಅವರು ಮಾಡಿದ್ದಕ್ಕೂ ಸ್ಕಮ್‌ವಿಎಂ ತಂಡ ಮಾಡಿದ್ದಕ್ಕೂ ತಾತ್ವಿಕವಾಗಿ ವ್ಯತ್ಯಾಸವಿಲ್ಲ. ಅವರು ಅಪ್ಪಣೆಗಾಗಿ ಕಾದು ಕೂತಿದ್ದರೆ ಒಂದು ತಲೆಮಾರಿನ ಕನ್ನಡ ಗೋಜಲಾಗಿಯೇ ಉಳಿಯುತ್ತಿತ್ತು.

ಹೊಸ ಎಂಜಿನ್ ಎಲ್ಲ ಕಾಯಿಲೆಗೂ ಮದ್ದಲ್ಲ. ಕಂಪೆನಿಯ ಸರ್ವರಿನ ಮೇಲೆಯೇ ನಡೆಯುವ ಆಟವನ್ನು, ಆ ಸರ್ವರ್ ನಿಂತ ಮೇಲೆ ಮನೆಯ ಸಿಡಿಯಿಂದ ಎಬ್ಬಿಸುವುದು ಬಹಳ ಕಷ್ಟ. ಎಂಟು ವರ್ಷ ಸಂಬಳವಿಲ್ಲದೆ ದುಡಿಯುವವರು ಪ್ರತಿ ಆಟಕ್ಕೂ ಸಿಗುವುದಿಲ್ಲ. ಜನಪ್ರಿಯವಾದದ್ದು ಉಳಿಯುತ್ತದೆ, ಅಭಿಮಾನಿಗಳಿಲ್ಲದ್ದು ಸದ್ದಿಲ್ಲದೆ ಹೋಗುತ್ತದೆ. ಕಾನೂನು ಮಾಡಬೇಕಾದ ಕೆಲಸವನ್ನು ಕೆಲವರ ಪ್ರೀತಿಯ ಮೇಲೆ ಹೊರಿಸುವುದು ಸಮಾಜಕ್ಕೆ ಗೌರವ ತರುವ ಸಂಗತಿಯಲ್ಲ. ಮಾರಾಟ ನಿಲ್ಲಿಸಿದ ಇಷ್ಟು ವರ್ಷಗಳಲ್ಲಿ ಎಂಜಿನ್ನಿನ ಸೋರ್ಸ್ ಕೋಡನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ನಿಯಮವಿದ್ದರೆ ವೆಸ್ಟ್‌ವುಡ್ಡಿನ ಕಡತ ದಾರಿಯಲ್ಲಿ ಕಳೆದುಹೋದರೂ ಒಂದು ಪ್ರತಿ ಉಳಿದಿರುತ್ತಿತ್ತು. ಪ್ರಕಟವಾದ ಪುಸ್ತಕಗಳ ಪ್ರತ���ಯನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1954ರಿಂದ ಇದೆ. ಅದರಿಂದ ಯಾವ ಪ್ರಕಾಶಕನ ಒಡೆತನಕ್ಕೂ ಕುಂದು ಬಂದಿಲ್ಲ.

ನನ್ನ ಮಟ್ಟಿಗೆ ತೀರ್ಮಾನ ಇಷ್ಟು. ಒಡೆತನದಲ್ಲಿ ಲಾಭ ಪಡೆಯುವ ಹಕ್ಕಿದೆ, ಹೆಸರು ಉಳಿಸಿಕೊಳ್ಳುವ ಹಕ್ಕಿದೆ, ಇನ್ನೊಬ್ಬರು ಅದನ್ನು ಮಾರದಂತೆ ತಡೆಯುವ ಹಕ್ಕಿದೆ. ಕೊಂಡವನು ತಾನು ಕೊಂಡದ್ದನ್ನು ಬಳಸದಂತೆ, ನೆರೆಯವನು ಜಾರಿದ ಹಂಚನ್ನು ಸರಿಪಡಿಸದಂತೆ ತಡೆಯುವ ಹಕ್ಕು ಅದರಲ್ಲಿ ಸೇರಿಲ್ಲ. ಉಳಿಸುವವನಿಗೂ ಅಷ್ಟೇ ಕಟ್ಟುನಿಟ್ಟಿನ ಮಿತಿಗಳಿವೆ. ತನ್ನದಲ್ಲದ್ದನ್ನು ಹಂಚಬಾರದು, ಮೂಲದ ಹೆಸರನ್ನು ಮರೆಸಬಾರದು, ದುರಸ್ತಿಯ ನೆಪದಲ್ಲಿ ಕೃತಿಯನ್ನು ತಿದ್ದಬಾರದು, ತಾನು ಕಲಿತದ್ದನ್ನು ಬಚ್ಚಿಡಬಾರದು. ಈ ಮಿತಿಗಳೊಳಗೆ ದುಡಿಯುವವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ಮುಂದೊಂದು ದಿನ ನನ್ನ ಕಥಾಸಂಕಲನವೊಂದರ ಪ್ರತಿಗಳು ಅಂಗಡಿಗಳಲ್ಲಿ ಮುಗಿದು, ಪ್ರಕಾಶಕರೂ ಇಲ್ಲವಾಗಿ, ಹಕ್ಕು ಯಾರಲ್ಲಿದೆಯೆಂದು ನನ್ನ ಮಕ್ಕಳಿಗೂ ಗೊತ್ತಿಲ್ಲದ ಕಾಲ ಬರಬಹುದು. ಆಗ ಯಾರೋ ಅಪರಿಚಿತ ಓದುಗ ತನ್ನಲ್ಲಿರುವ ಹರಿದ ಪ್ರತಿಗೆ ಹೊಸ ರಟ್ಟು ಹಾಕಿ, ಬಿಡಿ ಹಾಳೆಗಳನ್ನು ಹೊಲಿದು, ಪಕ್ಕದ ಮನೆಯ ಹುಡುಗಿಗೆ ಓದಲು ಕೊಟ್ಟರೆ ಅವನು ನನ್ನಿಂದ ಏನನ್ನೂ ಕಸಿದುಕೊಂಡಂತಾಗುವುದಿಲ್ಲ. ಆ ಓದುಗನಿಗೆ ಸೂಜಿ-ದಾರವನ್ನು ನಾನು ಈಗಲೇ ಕೊಟ್ಟಿಡಲು ಸಿದ್ಧ.